ಬಿಲ್ಡ್ ಆಗದಿದ್ದರೆ ಮೊದಲು ಫೈಲಿನ ಗಾತ್ರ ನೋಡಿ

ಮಾನ್ಯ ಸಂಪಾದಕರೇ,

ನಾನು ಹಾವೇರಿ ಜಿಲ್ಲೆಯ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಪಾಠ ಮಾಡುವವನಲ್ಲ. ಬೆಳಿಗ್ಗೆ ಯಂತ್ರಗಳನ್ನು ಆನ್ ಮಾಡುವುದು, ಸಡಿಲವಾದ ಕೇಬಲ್ ಸಿಕ್ಕಿಸುವುದು, ಪರೀಕ್ಷೆ ದಿನ ಮೂಲೆಯಲ್ಲಿ ಕೂರುವುದು ನನ್ನ ಕೆಲಸ. ಹಾಗೆ ಕೂತಾಗ ಕಂಡದ್ದನ್ನೇ ಬರೆಯುತ್ತಿದ್ದೇನೆ.

ಕಳೆದ ಸಲದ ಪ್ರಾಜೆಕ್ಟ್ ವೈವಾದಲ್ಲಿ ಒಬ್ಬ ಹುಡುಗಿಯ ಪ್ರೋಗ್ರಾಂ ಬಿಲ್ಡ್ ಆಗಲಿಲ್ಲ, ಅಂದರೆ ಬರೆದ ಕೋಡಿನಿಂದ ಓಡುವ ಪ್ರೋಗ್ರಾಂ ತಯಾರಾಗಲಿಲ್ಲ. ಮಣ್ಣಿನ ತೇವ ನೋಡಿ ಪಂಪ್ ಶುರು ಮಾಡುವ ಪುಟ್ಟ ಸಿ ಪ್ರೋಗ್ರಾಂ ಅದು. ಮನೆಯಲ್ಲಿ ಅಣ್ಣನ ಹಳೇ ಲ್ಯಾಪ್‌ಟಾಪಿಗೆ ಉಬುಂಟು ಎಂಬ ಲಿನಕ್ಸ್ ಹಾಕಿಕೊಂಡು ಬರೆದಿದ್ದಳು. ನಮ್ಮ ಲ್ಯಾಬಿನಲ್ಲಿ ಇರುವುದು ವಿಂಡೋಸ್. ಕೋಡ್ ಇಟ್ಟು ಹಂಚಿಕೊಳ್ಳಲು ಬಳಸುವ ಗಿಟ್‌ನಿಂದ ಕೋಡ್ ಇಳಿಸಿಕೊಂಡು, ಬಿಲ್ಡ್ ಮಾಡುವ ಮೇಕ್ ಎಂಬ ಆದೇಶ ಕೊಟ್ಟಳು. ಕಾನ್ಫಿಗ್.ಎಚ್ ಫೈಲಿನ ಮೊದಲ ಸಾಲಿನ ಮೊದಲ ಚುಕ್ಕಿಗೇ, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ತಕರಾರು ತೆಗೆಯಿತು. ಆ ಸಾಲಿನಲ್ಲಿ ಚುಕ್ಕಿ ಇದೆ ಅನ್ನುವುದೇ ಅವಳಿಗೆ ಗೊತ್ತಿಲ್ಲ! ‘ಯಾರ ಕೋಡಮ್ಮ ಇದು?’ ಅಂದರು ಪರೀಕ್ಷಕರು. ‘ನಂದೇ ಸರ್, ನಿನ್ನೆ ರಾತ್ರಿ ಓಡಿತ್ತು’ ಅಂದಳು. ಈ ಮಾತನ್ನು ಪರೀಕ್ಷಕರು ದಿನಕ್ಕೆ ಹತ್ತು ಸಲ ಕೇಳುತ್ತಾರೆ, ಅಲ್ವಾ? ನಂಬಲಿಲ್ಲ. ಅಂಕ ಹೋಯಿತು.

ಸಂಜೆ ಲ್ಯಾಬ್ ಬಾಗಿಲು ಹಾಕುವ ಮುಂಚೆ ಆ ಯಂತ್ರದ ಮುಂದೆ ಕೂತೆ. ಫೋಲ್ಡರಿನಲ್ಲಿ ಕಾನ್ಫಿಗ್.ಎಚ್ 1 ಕೆಬಿ ಅಂತ ತೋರಿಸುತ್ತಿತ್ತು. ನಾಲ್ಕೇ ಅಕ್ಷರ ಇರುವ ಫೈಲನ್ನೂ ವಿಂಡೋಸ್ ಆ ಪಟ್ಟಿಯಲ್ಲಿ 1 ಕೆಬಿ ಅಂತಲೇ ತೋರಿಸುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಪ್ರಾಪರ್ಟೀಸ್ ತೆರೆದೆ. ಬರೀ 18 ಬೈಟ್! ನೋಟ್‌ಪ್ಯಾಡಿನಲ್ಲಿ ನೋಡಿದರೆ ಒಳಗೆ ಕೋಡೇ ಇಲ್ಲ. ಎರಡು ಚುಕ್ಕಿ, ಓರೆಗೆರೆ, ಕಾಮನ್ ಎಂಬ ಫೋಲ್ಡರಿನ ಹೆಸರು, ಇನ್ನೊಂದು ಓರೆಗೆರೆ, ಕೊನೆಗೆ ಕಾನ್ಫಿಗ್.ಎಚ್. ಅಷ್ಟೇ, ಒಂದು ವಿಳಾಸ.

ಇದಕ್ಕೆ ಸಿಂಬಾಲಿಕ್ ಲಿಂಕ್ ಅನ್ನುತ್ತಾರೆ. ಅಂಗಡಿ ಖಾಲಿ ಮಾಡಿದವರು ಬಾಗಿಲಿಗೆ ‘ನಮ್ಮ ಅಂಗಡಿ ಈಗ ಹಿಂದಿನ ಬೀದಿಯಲ್ಲಿದೆ’ ಅಂತ ಬೋರ್ಡ್ ಹಾಕಿ ಹೋಗುತ್ತಾರಲ್ಲ, ಹಾಗೆ. ಉಬುಂಟುವಿನಲ್ಲಿ ಫೈಲ್ ತೆರೆದರೆ ಅದು ಬೋರ್ಡ್ ಓದಿಕೊಂಡು ಹಿಂದಿನ ಬೀದಿಗೆ ಹೋಗಿ ಸಾಮಾನು ತಂದುಕೊಡುತ್ತದೆ. ನಮ್ಮ ಲ್ಯಾಬಿನ ಗಿಟ್‌ಗೆ ಲಿಂಕ್ ಮಾಡುವ ಅನುಮತಿ ಇರಲಿಲ್ಲ. ಬೋರ್ಡಿನ ಮೇಲಿದ್ದ ಅಕ್ಷರಗಳನ್ನೇ ಫೈಲಿನೊಳಗೆ ಬರೆದಿಟ್ಟಿತು. ಕಂಪೈಲರ್ ಅದನ್ನೇ ಸಿ ಕೋಡ್ ಅಂದುಕೊಂಡು ಓದಿತು.

ಇದೇನು ಹೊಸ ವಿದ್ಯೆಯಲ್ಲ. 1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ 4.2 ಬಿಎಸ್‌ಡಿ ಎಂಬ ಯುನಿಕ್ಸ್ ಆವೃತ್ತಿಯ ಜೊತೆಗೇ ಬಂದದ್ದು. ವಿಂಡೋಸಿಗೆ ವಿಸ್ಟಾ ಕಾಲದಲ್ಲಿ ಬಂತು, ಆದರೆ ಲಿಂಕ್ ಮಾಡಲು ಅಡ್ಮಿನ್ ಅಧಿಕಾರ ಬೇಕಿತ್ತು. 2017ರ ವಿಂಡೋಸ್ 10ರಿಂದ ಈಚೆಗೆ ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಮೋಡ್ ಹಾಕಿದರೆ ಸಾಮಾನ್ಯ ಬಳಕೆದಾರರೂ ಮಾಡಬಹುದು. ಮಾರನೇ ದಿನ ನಾನು ಆ ಮೋಡ್ ಹಾಕಿ, ಗಿಟ್‌ನ ಕೋರ್.ಸಿಮ್‌ಲಿಂಕ್ಸ್ ಎಂಬ ಸೆಟ್ಟಿಂಗನ್ನು ಟ್ರೂ ಮಾಡಿ, ಹುಡುಗಿಯ ಕೋಡನ್ನು ಹೊಸದಾಗಿ ಇಳಿಸಿಕೊಂಡೆ. ಮೊದಲ ಸಲಕ್ಕೇ ಬಿಲ್ಡ್ ಆಯಿತು. ಖುಷಿಗಿಂತ ಸಿಟ್ಟೇ ಜಾಸ್ತಿ ಬಂತು.

ಆಮೇಲೆ ನೆನಪಿಸಿಕೊಂಡರೆ ಇಂಥವು ಎಷ್ಟೋ. ಅದಕ್ಕೂ ಹಿಂದಿನ ವರ್ಷ ಒಬ್ಬ ಹುಡುಗ ತನ್ನ ಯಂತ್ರದ ಡೌನ್‌ಲೋಡ್ಸ್ ಫೋಲ್ಡರಿಗೆ ಪೂರ್ತಿ ವಿಳಾಸ ಕೊಟ್ಟು ಲಿಂಕ್ ಮಾಡಿದ್ದ. ಲಿನಕ್ಸ್ ಇದ್ದ ಗೆಳೆಯನ ಯಂತ್ರದಲ್ಲೂ ಅದು ನಡೆಯಲಿಲ್ಲ, ಅಲ್ಲಿ ಆ ಹೆಸರಿನ ಫೋಲ್ಡರೇ ಇರಲಿಲ್ಲವಲ್ಲ. ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಆದೇಶದ ಜೊತೆ ಮೈನಸ್ ಎಲ್ ಕೊಟ್ಟಿದ್ದರೆ ಬಾಣದ ಗುರುತಿನ ಮುಂದೆ ವಿಳಾಸ ಕಾಣುತ್ತಿತ್ತು. ಪೆನ್‌ಡ್ರೈವಿನ ಕಥೆ ಬೇರೆ. ಫ್ಯಾಟ್32 ಎಂಬ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಲ್ಲಿ ಲಿಂಕ್ ಉಳಿಯುವುದೇ ಇಲ್ಲ. ಲಿನಕ್ಸಿನಲ್ಲಿ ಸುಮ್ನೆ ಜಿಪ್ ಮಾಡಿದರೆ ಲಿಂಕಿನ ಜಾಗಕ್ಕೆ ಫೈಲಿನ ಇನ್ನೊಂದು ಪ್ರತಿ ಬಂದು ಕೂರುತ್ತದೆ. ಬಿಲ್ಡ್ ಏನೋ ಆಗುತ್ತದೆ. ಆದರೆ ಒಂದು ಪ್ರತಿ ತಿದ್ದಿದರೆ ಇನ್ನೊಂದು ಹಳೆಯದಾಗಿಯೇ ಇರುತ್ತದೆ. ‘ತಿದ್ದಿದೆ ಸರ್, ಬದಲಾಗ್ತಾನೇ ಇಲ್ಲ’ ಅಂತ ಹುಡುಗರು ತಲೆ ಕೆರೆದುಕೊಳ್ಳುವುದು ಆಗಲೇ. ಲಿಂಕನ್ನು ಲಿಂಕಾಗಿಯೇ ಇಡಲು ಜಿಪ್‌ಗೆ ಮೈನಸ್ ವೈ ಕೊಡಬೇಕು, ಇಲ್ಲವೇ ಫೈಲುಗಳನ್ನು ಒಟ್ಟಿಗೆ ಕಟ್ಟುವ ಟಾರ್ ಬಳಸಬೇಕು.

ನಿಜ ಹೇಳಬೇಕೆಂದರೆ ಆ ಹುಡುಗಿಗೆ ಲಿಂಕೇ ಬೇಕಿರಲಿಲ್ಲ. ಬಿಲ್ಡ್ ಹೇಗೆ ಮಾಡಬೇಕೆಂದು ಬರೆದಿಡುವ ಮೇಕ್‌ಫೈಲಿನಲ್ಲಿ ಕಂಪೈಲರಿಗೆ ಕಾಮನ್ ಫೋಲ್ಡರ್ ತೋರಿಸಿದ್ದರೆ ಎಲ್ಲ ಕಡೆ ನಡೆಯುತ್ತಿತ್ತು. ಆದರೆ ಅದನ್ನು ಅವಳಿಗೆ ಹೇಳಿಕೊಟ್ಟವರು ಯಾರು?

ಪರೀಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ. ಬಿಲ್ಡ್ ಆಗದಿದ್ದರೆ ಕದ್ದ ಕೋಡ್ ಅನ್ನುವ ಮುಂಚೆ ಎರಡು ನಿಮಿಷ ಕೊಡಿ. ಎರರ್ ಬಂದ ಫೈಲನ್ನು ತೆರೆಸಿ ನೋಡಿ. ಇಲ್ಲವೇ ಮಕ್ಕಳು ತಮ್ಮ ಲ್ಯಾಪ್‌ಟಾಪಿನಲ್ಲೇ ತೋರಿಸಲು ಬಿಡಿ.

ಲ್ಯಾಬಿನ ಎಲ್ಲ ಯಂತ್ರಗಳಿಗೂ ಡೆವಲಪರ್ ಮೋಡ್ ಹಾಕಲು ಅನುಮತಿ ಕೇಳಿ ಅರ್ಜಿ ಕೊಟ್ಟಿದ್ದೇನೆ. ಭದ್ರತೆಯ ಪ್ರಶ್ನೆ ಅಂತ ಅದು ಮೇಜಿನ ಮೇಲೆಯೇ ಇದೆ. ಬೇರೆ ಕಾಲೇಜಿನ ಲ್ಯಾಬ್‌ನವರು ಯಾರಾದರೂ ಇದನ್ನು ಮಾಡಿಸಿಕೊಂಡಿದ್ದರೆ, ಹೇಗೆ ಒಪ್ಪಿಸಿದಿರಿ ಅಂತ ಇದೇ ಅಂಕಣಕ್ಕೆ ಬರೆಯಿರಿ. ಮುಂದಿನ ವೈವಾ ಹತ್ತಿರ ಬರುತ್ತಿದೆ.

— ಒಬ್ಬ ಲ್ಯಾಬ್ ಸಹಾಯಕ, ಹಾವೇರಿ ಜಿಲ್ಲೆ