ಆಯುಕ್ತರೇ, ಒಮ್ಮೆ ನಮ್ಮ ಪೇಟೆಗೆ ಜವಳಿ ತರೋಕೆ ಬನ್ನಿ

ದಾವಣಗೆರೆ ಮಹಾನಗರ ಪಾಲಿಕೆ ಆಯುಕ್ತರಿಗೆ ನಮಸ್ಕಾರ.

ಚೌಕಿಪೇಟೆ ಕಡೆ ನನ್ನದೊಂದು ಸಣ್ಣ ಬಟ್ಟೆ ಅಂಗಡಿ, ಅಪ್ಪನ ಕಾಲದ್ದು. ಹೋದ ವಾರ ಜಗಳೂರು ಕಡೆಯಿಂದ ಮದುವೆ ಜವಳಿಗೆ ಅಂತ ಟೆಂಪೋ ಮಾಡಿಕೊಂಡು ಹದಿಮೂರು ಜನ ಬಂದಿದ್ದರು. ಗಾಡಿ ನಿಲ್ಲಿಸೋಕೆ ಜಾಗ ಸಿಗದೆ ಡ್ರೈವರ್ ಅವರನ್ನು ದೂರದಲ್ಲೇ ಇಳಿಸಿ ಹೋಗಿದ್ದ. ಇನ್ನೂ ಧಾರೆ ಸೀರೆ ಆರಿಸಿರಲಿಲ್ಲ, ಮದುಮಗಳ ಅಜ್ಜಿ ನನ್ನ ಹೆಂಡತಿಯ ಕಿವಿಯಲ್ಲಿ ಏನೋ ಕೇಳಿದರು. ಎಂಟು ಅಡಿ ಅಗಲದ ಅಂಗಡಿಯಲ್ಲಿ ಶೌಚಾಲಯ ಎಲ್ಲಿಂದ ಬರಬೇಕು? ಹಿಂದಿನ ಓಣಿಯ ಪರಿಚಯದ ಮನೆಗೆ ಕರೆದುಕೊಂಡು ಹೋಗಿ ಬಂದಳು. ವಾಪಸ್ ಬಂದ ಅಜ್ಜಿ ಕೂರಲೇ ಇಲ್ಲ. "ಉಳಿದಿದ್ದು ಆ ಲಿಫ್ಟ್ ಇರೋ ಅಂಗಡೀಲಿ ತಗೊಳ್ಳೋಣ ನಡೀರಪ್ಪ" ಅಂದರು. ಹದಿಮೂರು ಜನವೂ ಎದ್ದರು.

ನಾವು ಟೀ ತರಿಸಿದರೆ ಹೆಣ್ಣುಮಕ್ಕಳು ಬೇಡ ಬೇಡ ಅಂತಾರೆ. ಸಂಕೋಚ ಅಂದುಕೊಂಡಿದ್ದೆ. ಯಾಕೆ ಅಂತ ಹೊಳೆಯೋಕೆ ನನಗೆ ಇಪ್ಪತ್ತು ವರ್ಷ ಬೇಕಾಯ್ತು.

ಪೇಟೆ ಸೊರಗೋಕೆ ಇದೊಂದೇ ಕಾರಣ ಅಲ್ಲ, ಒಪ್ಪುತ್ತೇನೆ. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಲ್ಲಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು, ಸಂಬಳದ ದಿನ ಬರುತ್ತಿದ್ದ ಗಿರಾಕಿಗಳು ಹೋದರು. ಊರು ವಿದ್ಯಾನಗರ, ಎಂಸಿಸಿ ಬ್ಲಾಕ್ ಕಡೆ ಬೆಳೆಯಿತು, ಪೇಟೆ ಮಕ್ಕಳೂ ಅಲ್ಲೇ ಮನೆ ಕಟ್ಟಿದರು (ನಾನೂ ಅಷ್ಟೇ, ಸುಳ್ಳು ಯಾಕೆ). ಮೇಲೆ ಆನ್‌ಲೈನ್ ಬೇರೆ. ಇದನ್ನೆಲ್ಲ ಯಾರೂ ವಾಪಸ್ ತಿರುಗಿಸೋಕಾಗಲ್ಲ.

2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳಲ್ಲಿ ನಮ್ಮೂರ ಹೆಸರು ಬಂದಾಗ ಅಕ್ಕಪಕ್ಕದ ಅಂಗಡಿಗೆಲ್ಲ ಪೇಡೆ ಹಂಚಿದವನು ನಾನು. ಇನ್ನು ಮುಂದೆ ಪೇಟೆಗೆ ಅಂತ ದುಡ್ಡು ಬಂದರೆ ಕಲ್ಲು ಹಾಸೋದು, ಅಲಂಕಾರದ ದೀಪ ಆಮೇಲಿರಲಿ. ಮೊದಲು ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ ಕೊಡಿ. ಕಟ್ಟಿ, ಉದ್ಘಾಟನೆ ಮಾಡಿ, ಬೀಗ ಹಾಕೋದಲ್ಲ. ನೀರಿರಬೇಕು, ನೋಡಿಕೊಳ್ಳೋಕೆ ಒಬ್ಬರಿರಬೇಕು. ಅವರ ಸಂಬಳಕ್ಕೆ ಅಂಗಡಿಯವರು ತಿಂಗಳಿಗೆ ಇಷ್ಟು ಅಂತ ಹಾಕೋಣ, ಮೊದಲ ಪಾಲು ನನ್ನದು. ಲೋಡ್ ಇಳಿಸೋ ಗಾಡಿಗಳಿಗೆ ಬೆಳಿಗ್ಗೆ ಹತ್ತರ ಒಳಗೆ ಅಂತ ಮಾಡಿ. ಹಾಗೇ ಅಂಗಡಿ ಮುಂದೆ ದಿನವಿಡೀ ನಿಲ್ಲೋ ಬೈಕುಗಳನ್ನೂ ಎತ್ತಿಸಿ. ಅವು ಗಿರಾಕಿಗಳದ್ದಲ್ಲ, ಜಾಸ್ತಿ ನಮ್ಮವೇ. ಇದನ್ನು ಬರೆದಿದ್ದಕ್ಕೆ ನಾಳೆ ಪಕ್ಕದ ಅಂಗಡಿಯವರು ಬೈತಾರೆ, ಬೈಲಿ.

ಮದುವೆ ಸೀಸನ್‌ನಲ್ಲಿ ಒಂದು ಮಧ್ಯಾಹ್ನ ಮನೆಯ ಹಿರಿಯರನ್ನು ಕರೆದುಕೊಂಡು ಬನ್ನಿ. ಸೀರೆ ತೋರಿಸ್ತೀನಿ, ಟೀ ತರಿಸ್ತೀನಿ. ಅವರು ಕುಡೀತಾರಾ ನೋಡಿ.

ಇಂತಿ,
ಹಳೇ ಪೇಟೆಯ ಒಬ್ಬ ಬಟ್ಟೆ ವ್ಯಾಪಾರಿ