ಅಜ್ಜಿ ಅಜ್ಜಿಯಾಗುವ ಮೊದಲು

ಕೋಲಾರ

ಪ್ರೀತಿಯ ತಮ್ಮನಿಗೆ,

ನೀನು ಕಳಿಸಿದ ಬರಹ ತಲುಪಿತು. ನಿಮ್ಮಜ್ಜಿಯ ವರ್ಷದ ತಿಥಿಗೆ ಒಂದು ಪುಟ್ಟ ಪುಸ್ತಕ ಮಾಡಿ, ಬಂದ ನೆಂಟರಿಗೆಲ್ಲ ಹಂಚಬೇಕು ಅಂತ ಬರೆದಿದ್ದೀಯ. ಖಂಡಿತ ಮಾಡು. ಎಂಬತ್ತೇಳು ವರ್ಷ ಬಾಳಿ, ಮರಿಮಕ್ಕಳ ಮುಖ ನೋಡಿ, ಕಡೇ ದಿನದವರೆಗೂ ತಮ್ಮ ತಟ್ಟೆ ತಾವೇ ತೊಳೆದಿಟ್ಟು ಹೋದ ಜೀವ ಅದು. ಊರಿನವರು ತಮಟೆ ಬಡಿಸಿ, ಹೂವು ಎರಚಿ ಕಳಿಸಿಕೊಟ್ಟರು ಅಂತ ನೀನೇ ಹೇಳಿದ್ದೀಯ. ತುಂಬಿ ಬಾಳಿದವರನ್ನು ನಮ್ಮ ಕಡೆ ಕಳಿಸುವುದೇ ಹಾಗೆ. ಹಾಗಿರುವಾಗ ನಿನ್ನ ಬರಹ ಆಸ್ಪತ್ರೆಯ ಮಂಚದಿಂದ ಯಾಕೆ ಶುರುವಾಗಬೇಕು? ಆ ಮೊದಲ ಎರಡು ಪುಟ ತೆಗೆದುಬಿಡು. ಅವರ ಬದುಕಿನಲ್ಲಿ ಆಸ್ಪತ್ರೆ ನಾಲ್ಕು ದಿನದ ಮಾತು.

ಇನ್ನು ಮುಖ್ಯವಾದದ್ದು. ಬರಹದಲ್ಲಿ ನೀನಿದ್ದೀಯ, ನಿನ್ನ ಬೇಸಿಗೆ ರಜೆ ಇದೆ, ಅಜ್ಜಿ ಮಾಡಿಕೊಡುತ್ತಿದ್ದ ಹಿತಕಿದ ಬೇಳೆ ಸಾರು ಇದೆ. ಅಜ್ಜಿ ಮಾತ್ರ ನಿನಗೆ ಬಡಿಸುವಾಗ ಬಂದು ಹೋಗುತ್ತಾರೆ, ಅಷ್ಟೆ. ನೀನು ಹುಟ್ಟಿದಾಗ ಅವರಿಗೆ ಅರವತ್ತು ದಾಟಿತ್ತು. ನೀನು ಕಂಡದ್ದು ಕಡೇ ಕಾಲು ಭಾಗ. ಅದಕ್ಕೂ ಹಿಂದೆ ಒಬ್ಬ ಹುಡುಗಿ ಇದ್ದಳು, ಸೊಸೆಯಾಗಿ ಬಂದವಳು ಒಬ್ಬಳಿದ್ದಳು, ನಲವತ್ತರ ಗಟ್ಟಿ ಹೆಂಗಸು ಒಬ್ಬಳಿದ್ದಳು. ಆ ಮೂವರನ್ನೂ ನೀನು ನೋಡಿಲ್ಲ. ಅವರನ್ನು ಹುಡುಕಿಕೊಂಡು ಹೋಗುವುದೇ ಈ ಪುಸ್ತಕದ ಕೆಲಸ ಅಂತ ನಾನು ತಿಳಿದಿದ್ದೇನೆ.

ಹುಟ್ಟಿದ ದಿನದಿಂದಲೇ ಶುರು ಮಾಡು. ಆಧಾರ್ ಕಾರ್ಡಿನಲ್ಲಿ ಜನವರಿ 1 ಇದೆ ಅಂತ ಅದನ್ನೇ ಬರೆದುಬಿಟ್ಟಿದ್ದೀಯ. ತಾರೀಕು ಗೊತ್ತಿಲ್ಲದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಜನವರಿ ಒಂದಕ್ಕೇ ಹುಟ್ಟಿದ್ದಾರೆ, ಕಾರ್ಡಿನಲ್ಲಿ. ನಿಜವಾದ ಸುಳಿವು ನಿನ್ನ ಐದನೇ ಪುಟದಲ್ಲಿದೆ, ನೀನು ಅದನ್ನು ದಾಟಿಕೊಂಡು ಹೋಗಿದ್ದೀಯ: "ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದಾಗ ನಾನು ಕೈಕೂಸು ಅಂತ ಅಜ್ಜಿ ಹೇಳುತ್ತಿದ್ದರು." ತಮ್ಮಾ, ಅದು ಸಣ್ಣ ಮಾತಲ್ಲ. 1938ರ ಏಪ್ರಿಲ್ 25, ಜಾತ್ರೆಯ ಹೊತ್ತು, ಧ್ವಜ ಸತ್ಯಾಗ್ರಹಕ್ಕೆ ಜನ ಸೇರಿದ್ದ ತೋಪಿನಲ್ಲಿ ಪೊಲೀಸರು ಗುಂಡು ಹಾರಿಸಿದರು. ಆ ಸುದ್ದಿ ದೇಶವನ್ನೆಲ್ಲ ಮುಟ್ಟಿ, ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರ ಜೊತೆ ಮಾತಾಡಿದ ಮೇಲೆ ತ್ರಿವರ್ಣ ಧ್ವಜ ಹಾರಿಸಲು ಮೈಸೂರು ಸಂಸ್ಥಾನ ಒಪ್ಪಿತು. ಅದು ಬಹುಧಾನ್ಯ ಸಂವತ್ಸರ. ನಿಮ್ಮ ಊರಿನಿಂದ ಆ ತೋಪು ನಡೆದು ಹೋಗುವಷ್ಟು ದೂರ. ಅವತ್ತು ನಿಮ್ಮ ಮನೆಯವರು ಯಾರಾದರೂ ಜಾತ್ರೆಗೆ ಹೋಗಿದ್ದರಾ? ಕೂಸು ಎತ್ತಿಕೊಂಡು ತಾಯಿ ಮನೆಯಲ್ಲೇ ಉಳಿದದ್ದಾ? ಕೇಳಿದ್ದರೆ ಅಜ್ಜಿ ಹೇಳುತ್ತಿದ್ದರೇನೋ. ಈಗ ಅವರ ತಂಗಿಯನ್ನು ಕೇಳಬೇಕು.

ಇನ್ನೊಂದು ನೋಡು. ಅವರು ಹುಟ್ಟಿದ್ದು ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯಲ್ಲಿ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯಿತು. 2007ರಲ್ಲಿ ನಿಮ್ಮ ತಾಲ್ಲೂಕು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ತವರಿನಿಂದ ಗಂಡನ ಮನೆಗೆ ಮೂರು ಮೈಲಿ ಬಂದದ್ದು ಬಿಟ್ಟರೆ ಅವರು ಎಲ್ಲಿಗೂ ಹೋಗಲಿಲ್ಲ, ವಿಳಾಸ ಮಾತ್ರ ಬದಲಾಗುತ್ತಾ ಹೋಯಿತು. ಇಂಥದ್ದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗು, ಓದುವವರಿಗೆ ಕಾಲ ಎಷ್ಟು ಉದ್ದ ಅಂತ ತಾನಾಗಿ ತಿಳಿಯುತ್ತದೆ.

ಈಗ ನನ್ನನ್ನು ಬಹಳ ಹೊತ್ತು ಕೂರಿಸಿದ ಸಾಲಿಗೆ ಬರುತ್ತೇನೆ. "ಅಜ್ಜಿ ಹುಳ ಮೇಯಿಸುತ್ತಿದ್ದರು." ಇಷ್ಟೇ ಬರೆದು ಫುಲ್‌ಸ್ಟಾಪ್ ಇಟ್ಟಿದ್ದೀಯ. ರೇಷ್ಮೆ ಸೀಮೆಯಲ್ಲಿ ಹುಟ್ಟಿದವನು ನೀನು, ಇಲ್ಲೇ ನಿಲ್ಲಬೇಕಿತ್ತು. ಹುಳದ ಮನೆಯಲ್ಲಿ ಹೆಂಗಸರಿಗೆ ಹಗಲು ರಾತ್ರಿ ಇರಲಿಲ್ಲ. ಚಾಕಿಗೆ, ಅಂದರೆ ಮರಿ ಹುಳಕ್ಕೆ, ಎಳೇ ಸೊಪ್ಪು ಹೆಚ್ಚಿ ಹಾಕಬೇಕು, ಹಿಕ್ಕೆ ತೆಗೆಯಬೇಕು, ಒಂದೊಂದು ಜ್ವರಕ್ಕೂ, ಅಂದರೆ ಹುಳ ಪೊರೆ ಬಿಡುವಾಗಲೆಲ್ಲ, ಮೇವು ನಿಲ್ಲಿಸಿ ಹುಳ ಏಳುವುದನ್ನು ಕಾಯಬೇಕು. ನಾಲ್ಕನೇ ಜ್ವರ ಎದ್ದ ಮೇಲೆ ಹುಳಕ್ಕೆ ಬರುವ ಹಸಿವು ಸಾಮಾನ್ಯದ್ದಲ್ಲ, ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲಿಗೂ ಹೆಚ್ಚು ಆ ಕಡೇ ವಾರದಲ್ಲೇ ಮುಗಿಯುತ್ತದೆ. ಆಗ ಕತ್ತಲಲ್ಲಿ ಮಲಗಿದ್ದರೆ ತಟ್ಟೆಗಳಿಂದ ಬರುವ ಸದ್ದು ಹೊರಗೆ ಜಡಿಮಳೆ ಹಿಡಿದ ಹಾಗೆ ಕೇಳುತ್ತದೆ. ಹುಳ ಹಣ್ಣಾದಾಗ ಇನ್ನೂ ಕಷ್ಟ. ಮೇವು ಬಿಟ್ಟು ತಲೆ ಎತ್ತಿ ಆಡಿಸುತ್ತದೆ, ದೀಪದ ಮುಂದೆ ಹಿಡಿದರೆ ಮೈ ತಿಳಿಯಾಗಿ ಕಾಣುತ್ತದೆ. ಅಂಥದ್ದನ್ನೇ ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡ ಮಾಡಿದರೆ ತಟ್ಟೆಯಲ್ಲೇ ನೂಲು ಬಿಟ್ಟು ಹಾಳು, ಆತುರ ಮಾಡಿದರೆ ಗೂಡು ಸರಿಯಾಗಿ ಕಟ್ಟುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿನ ಬೆರಳಿಗೆ, ಕಣ್ಣಿಗೆ ಅಷ್ಟು ವಿದ್ಯೆ ಇತ್ತು. ನೀನು ಅವರನ್ನು "ಓದು ಬರಹ ಬಾರದ ಮುಗ್ಧೆ" ಅಂತ ಕರೆದಿದ್ದೀಯಲ್ಲ, ಆ ಮಾತು ಅಳಿಸು.

1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂತು. ಅದು ಹುಳದ ಮೈಮೇಲೆ ಮೊಟ್ಟೆ ಇಟ್ಟರೆ ಅದರ ಮರಿ ಒಳಗೆ ಹೊಕ್ಕು ಹುಳವನ್ನೇ ತಿಂದುಹಾಕುತ್ತದೆ. ಬಾಗಿಲು ಕಿಟಕಿಗೆಲ್ಲ ನೈಲಾನ್ ಪರದೆ ಕಟ್ಟುವುದು ಆಮೇಲೆ ಬಂದ ಅಭ್ಯಾಸ. ಆ ಹೊತ್ತಿಗೆ ನಿಮ್ಮಜ್ಜಿಗೆ ನಲವತ್ತೆರಡು. ನಿಮ್ಮಪ್ಪ ಶಾಲೆಗೆ ಹೋಗುವ ಹುಡುಗ, ದೊಡ್ಡತ್ತೆ ಮದುವೆಗೆ ಬಂದಿದ್ದವರು. ಬೆಳೆ ಹೋಯಿತಾ? ಸಾಲ ಯಾರು ಕೊಟ್ಟರು? ಮದುವೆ ನಿಂತಿತಾ, ನಡೆಯಿತಾ? ಅಪ್ಪನಿಗೆ ನೆನಪಿರುತ್ತದೆ. ಇನ್ನೊಂದು ಪ್ರಶ್ನೆಯನ್ನೂ ಮರೆಯದೆ ಕೇಳು: ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ತೆಗೆದುಕೊಂಡು ಹೋಗುತ್ತಿದ್ದವರು ಯಾರು, ದುಡ್ಡು ಯಾರ ಜೇಬಿಗೆ ಬರುತ್ತಿತ್ತು? ರಾತ್ರಿಯೆಲ್ಲ ಎದ್ದಿರುವುದು ಹೆಂಗಸರು, ಹಣ ಎಣಿಸುವುದು ಗಂಡಸರು. ನನ್ನ ಕಾಲದ ಮುಕ್ಕಾಲು ಮನೆಗಳ ಲೆಕ್ಕ ಅದೇ. ನಿಮ್ಮಜ್ಜಿ ಅದಕ್ಕೆ ಒಪ್ಪಿ ಸುಮ್ಮನಿದ್ದರಾ? ಅವರ ಬಗ್ಗೆ ನೀನು ಫೋನಿನಲ್ಲಿ ಹೇಳಿದ್ದು ಕೇಳಿದರೆ ನನಗೆ ಹಾಗನ್ನಿಸುವುದಿಲ್ಲ.

ಕೈಯಲ್ಲೇ ಬರೆದು ಕಳಿಸಿದ್ದು ಒಳ್ಳೆಯದಾಯಿತು, ಹೊಡೆದುಹಾಕಿದ ಸಾಲುಗಳೂ ಓದಲು ಸಿಕ್ಕವು. ಒಂದು, ಅಜ್ಜಿ ಕಡ್ಡಿಪುಡಿ ಹಾಕುತ್ತಿದ್ದರು, ಹುಳ ಇದ್ದಷ್ಟು ದಿನ ಡಬ್ಬಿಯನ್ನು ದನದ ಕೊಟ್ಟಿಗೆಯ ಗೂಡಿನಲ್ಲಿ ಬಚ್ಚಿಡುತ್ತಿದ್ದರು ಅನ್ನುವುದು. ಇನ್ನೊಂದು, ಸ್ವಂತ ತಮ್ಮನ ಜೊತೆ ಜಮೀನಿನ ವಿಚಾರಕ್ಕೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು ಅನ್ನುವುದು. ಸತ್ತವರ ಬಗ್ಗೆ ಇಂಥದ್ದು ಬರೆಯಬಾರದು ಅಂತ ಹೊಡೆದಿರಬೇಕು. ನನ್ನ ಪ್ರಕಾರ ಇಡೀ ಬರಹದಲ್ಲಿ ನಿಮ್ಮಜ್ಜಿ ಉಸಿರಾಡುವುದು ಈ ಎರಡು ಸಾಲಿನಲ್ಲೇ.

ತಂಬಾಕು ಹುಳಕ್ಕೆ ವಿಷ. ಕಡ್ಡಿಪುಡಿ ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೆ ಹುಳ ಉಳಿಯುವುದಿಲ್ಲ. ಹಾಗಿದ್ದೂ ಚಟ ಬಿಡಲಾರದ ಒಬ್ಬ ಹೆಂಗಸು ಡಬ್ಬಿಯನ್ನು ಮನೆಯಿಂದ ದೂರ ಇಟ್ಟು, ಕೊಟ್ಟಿಗೆಯ ಹತ್ತಿರ ಹೋಗಿ ಒಂದು ಚಿಟಿಕೆ ಹಾಕಿಕೊಂಡು, ಬಾಯಿ ಮುಕ್ಕಳಿಸಿ, ಕೈ ಉಜ್ಜಿ ತೊಳೆದು ಹುಳದ ಮನೆಗೆ ಬರುವುದನ್ನು ಸುಮ್ಮನೆ ಕಣ್ಣ ಮುಂದೆ ತಂದುಕೋ. ಅವರ ಆಸೆ, ಅವರ ಶಿಸ್ತು, ಬೆಳೆಯ ಮೇಲಿನ ಭಯ ಎಲ್ಲ ಆ ನಡಿಗೆಯಲ್ಲಿದೆ. "ತ್ಯಾಗಮಯಿ", "ಕರುಣಾಮೂರ್ತಿ", "ಸಹನೆಯ ಪ್ರತಿರೂಪ" ಅಂತ ನೀನು ಬರೆದದ್ದರಲ್ಲಿ ಇದು ಯಾವುದೂ ಇಲ್ಲ, ಆ ಮಾತುಗಳು ಯಾರ ಅಜ್ಜಿಗಾದರೂ ಒಪ್ಪುತ್ತವೆ. ಹನ್ನೊಂದನೇ ದಿನ ಎಡೆ ಇಟ್ಟಾಗ ಎಲೆ ಅಡಿಕೆಯ ಪಕ್ಕದಲ್ಲಿ ಕಡ್ಡಿಪುಡಿಯನ್ನೂ ಇಟ್ಟಿರುತ್ತೀರಿ, ನಮ್ಮ ಕಡೆ ಇಡದೆ ಇರುವುದಿಲ್ಲ. ಎಡೆಯಲ್ಲಿ ನಾಚಿಕೆ ಇಲ್ಲದೆ ಇಟ್ಟದ್ದನ್ನು ಪುಸ್ತಕದಲ್ಲಿ ಯಾಕೆ ಮುಚ್ಚುವುದು?

ತಮ್ಮನ ಜೊತೆಗಿನ ಜಗಳದ ವಿಷಯದಲ್ಲಿ ಮಾತ್ರ ಸ್ವಲ್ಪ ಜೋಪಾನ. ಆತನ ಮಕ್ಕಳು ಈಗಲೂ ನಿಮ್ಮ ಮನೆಗೆ ಬಂದು ಹೋಗುವವರು. ಮೊದಲು ಪೂರ್ತಿ ಬರೆ, ಯಾರಿಗೂ ಹೆದರದೆ. ಆಮೇಲೆ ಅಪ್ಪನಿಗೂ ದೊಡ್ಡತ್ತೆಗೂ ಓದಿ ಹೇಳು. ಬದುಕಿರುವವರ ಹೆಸರು ಬೇಡ ಅಂದರೆ ತೆಗೆ, ಜಗಳ ಆದದ್ದನ್ನೇ ತೆಗೆಯಬೇಡ. ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತು ಅಂದಾಗ ಒಲ್ಲೆ ಅಂದ ಹೆಣ್ಣುಮಗಳಾ ಅವರು? ಹಾಗಿದ್ದರೆ ಆ ಕಾಲಕ್ಕೆ ಅದು ಬಹಳ ದೊಡ್ಡ ಮಾತು. ಕಾಗದ ಹುಡುಕು. ಪಹಣಿ, ಛಾಪಾ ಕಾಗದ, ಹಳೇ ರೇಷನ್ ಕಾರ್ಡು ಯಾವುದನ್ನೂ ಬಿಡಬೇಡ. ಅಟ್ಟದ ಮೇಲಿನ ಪಾತ್ರೆಗಳನ್ನೂ ಇಳಿಸಿ ನೋಡು, ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು, ತಾರೀಕು ಇರುತ್ತವೆ. ಯಾರ ಮದುವೆ ಯಾವಾಗ ಆಯಿತು, ಯಾರು ಮುಯ್ಯಿ ಕೊಟ್ಟರು, ಎಲ್ಲ ಅಲ್ಲೇ ಸಿಗುತ್ತದೆ.

ನಮ್ಮತ್ತೆಯ ವಿಚಾರ ಹೇಳುತ್ತೇನೆ. ಶ್ರೀನಿವಾಸಪುರದ ಕಡೆಯವರು, ತೊಂಬತ್ತು ದಾಟಿ ಬಾಳಿದವರು. ಅವರು ಹೋದ ಮೇಲೆ ಟ್ರಂಕಿನಲ್ಲಿ ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್ ಸಿಕ್ಕಿತು. ಸರ್ಕಾರ ಆ ಯೋಜನೆ ತಂದದ್ದು 2000ದಲ್ಲಿ, ಆಗ ಅವರಿಗೆ ಎಪ್ಪತ್ತರ ಹತ್ತಿರ. ಮೊದಲ ಪುಟಗಳಲ್ಲೆಲ್ಲ ನೀಲಿ ಹೆಬ್ಬೆಟ್ಟು. ನಡುವೆ ಒಂದು ಕಡೆ ಹೆಬ್ಬೆಟ್ಟಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಅವರ ಹೆಸರಿನ ಎರಡು ಅಕ್ಷರ, ಮೂರನೆಯದು ಅರ್ಧಕ್ಕೇ ನಿಂತಿದೆ. ಅಲ್ಲಿಂದ ಮುಂದಕ್ಕೆ ಪೂರ್ತಿ ಸಹಿ, ಗೆರೆ ದಾಟಿ ಕೆಳಗಿನ ಸಾಲಿಗೆ ಇಳಿದಿದೆ. ಮೊಮ್ಮಗಳ ಸ್ಲೇಟು ತೆಗೆದುಕೊಂಡು ಮಧ್ಯಾಹ್ನ ಹಿತ್ತಲಲ್ಲಿ ಕೂತು ಕಲಿತರಂತೆ, ಆ ಮೊಮ್ಮಗಳು ಬೆಳೆದ ಮೇಲೆ ಹೇಳಿದಳು. ಮನೆಯಲ್ಲಿ ಮತ್ತೆ ಯಾರಿಗೂ ಅದು ಗೊತ್ತಿರಲಿಲ್ಲ. ನಾನು ಅವರ ಬಗ್ಗೆ ಬರೆದ ಲೇಖನ ಹೊರಟದ್ದು ಆ ಅರ್ಧ ಅಕ್ಷರದಿಂದ.

ಮಾತಿನ ಬಗ್ಗೆ ಒಂದು. ನಿನ್ನ ಬರಹದಲ್ಲಿ ಅಜ್ಜಿ "ಚೆನ್ನಾಗಿ ವಿದ್ಯಾಭ್ಯಾಸ ಮಾಡಿ ಸತ್ಪ್ರಜೆಯಾಗು" ಅನ್ನುತ್ತಾರೆ. ನಿಮ್ಮದು ಒಳಗೆ ತೆಲುಗು, ಹೊರಗೆ ಕನ್ನಡದ ಮನೆ. ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ ಕಡೆ ಅದೇ ಬದುಕು, ಕೈವಾರದ ತಾತಯ್ಯನವರು ಎರಡೂ ಭಾಷೆಯಲ್ಲಿ ಪದ ಕಟ್ಟಿದ ಸೀಮೆ ಇದು. ಅವರು ನಿಜವಾಗಿ ಕೇಳುತ್ತಿದ್ದದ್ದು "ತಿನ್ನಾವಾ ನಾಯನಾ?" ಅಂತ ಅಲ್ಲವಾ? ಹಾಗೇ ಬರೆ. ನಮ್ಮ ಜಿಲ್ಲೆಯ ಓದುಗರಿಗೆ ಅರ್ಥ ಹೇಳಬೇಕಾಗಿಲ್ಲ, ಬೇರೆಯವರು ಸಂದರ್ಭದಿಂದ ತಿಳಿದುಕೊಳ್ಳುತ್ತಾರೆ.

ನೀರಿನ ವಿಚಾರ ನೀನು ಚೆನ್ನಾಗಿ ಬರೆದಿದ್ದೀಯ. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯ ತೋಟ, ಆಮೇಲೆ ಪಂಪ್‌ಸೆಟ್ಟು, ಬಾವಿ ಬತ್ತಿ ಬೋರ್‌ವೆಲ್ಲು, ಅದೂ ಸಾವಿರ ಅಡಿ ದಾಟಿದ್ದು. ಅದನ್ನು ಮುಟ್ಟಬೇಡ. ಒಂದು ಮಾತು ಸೇರಿಸು ಸಾಕು: ಬಾವಿ ಬತ್ತಿದ ವರ್ಷ ಅಜ್ಜಿ ಹಿಪ್ಪುನೇರಳೆ ತೋಟ ಕೀಳಿಸಲು ಒಪ್ಪಿದರಾ, ಜಗಳ ಆಡಿದರಾ?

ಈ ಭಾನುವಾರವೇ ಹಿಂದೂಪುರಕ್ಕೆ ಹೋಗು. ಅಜ್ಜಿಯ ತಂಗಿಗೆ ಎಂಬತ್ತೆರಡು ಅಂದೆ, ತಡ ಮಾಡುವ ಹಾಗಿಲ್ಲ. ಬರಿಗೈಯಲ್ಲಿ ಹೋಗಬೇಡ, ಎಲೆ ಅಡಿಕೆ, ಬಾಳೆಹಣ್ಣು ತೆಗೆದುಕೊಂಡು ಹೋಗು. ಹೋದ ತಕ್ಷಣ ಮೊಬೈಲ್ ಮುಂದೆ ಹಿಡಿದು ರೆಕಾರ್ಡ್ ಮಾಡಬೇಡ, ಊಟ ಆಗಲಿ. "ಅಜ್ಜಿ ಹೇಗಿದ್ದರು" ಅಂತ ಕೇಳಿದರೆ "ದೇವರಂಥವಳು" ಅಂತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಚಿಕ್ಕಂದಿನಲ್ಲಿ ಇಬ್ಬರೂ ಯಾವುದಕ್ಕೆ ಕಿತ್ತಾಡುತ್ತಿದ್ದಿರಿ ಅಂತ ಕೇಳು. ಮದುವೆಯಲ್ಲಿ ಯಾವ ಸೀರೆ ಉಟ್ಟಿದ್ದರು, ಗಂಡನ ಮನೆಗೆ ಹೊರಟಾಗ ಅತ್ತರಾ, ಮೊದಲ ಸಲ ರೈಲು ಹತ್ತಿದ್ದು ಎಲ್ಲಿಗೆ, ಯಾರ ಮೇಲೆ ಸಿಟ್ಟಿತ್ತು ಅಂತ ಕೇಳು. ಒಂದಕ್ಕೊಂದು ಹೊಂದದ ಉತ್ತರ ಬರುತ್ತದೆ, ಅಪ್ಪ ಒಂದು ಹೇಳಿದರೆ ಚಿಕ್ಕಜ್ಜಿ ಇನ್ನೊಂದು ಹೇಳುತ್ತಾರೆ. ಎರಡನ್ನೂ ಬರೆದುಕೋ, ಯಾರದ್ದು ನಿಜ ಅಂತ ಅಲ್ಲೇ ತೀರ್ಮಾನ ಮಾಡಬೇಡ.

ತಿಥಿಗೆ ಇನ್ನೂ ಐದು ತಿಂಗಳಿದೆ, ಪುಸ್ತಕಕ್ಕೆ ಅಷ್ಟು ಸಾಕು. ಹಿಂದೂಪುರದಿಂದ ಬಂದ ಮೇಲೆ ಹುಳದ ಮನೆಯ ಭಾಗವೊಂದನ್ನೇ ಬರೆದು ನನಗೆ ಕಳಿಸು. ಈ ಸಲವೂ ಕೈಯಲ್ಲೇ ಬರೆ, ಹೊಡೆದುಹಾಕಿದ್ದನ್ನು ಓದಲು ಬರುವ ಹಾಗೆ ಒಂದೇ ಗೆರೆ ಎಳೆ. ಅಪ್ಪನಿಗೆ, ದೊಡ್ಡತ್ತೆಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಹಿತ ಬಯಸುವ
ಅಕ್ಕ