ಆರು ಸಾಲುಗಳನ್ನು ಬೇರೆ ಬೇರೆಯಾಗಿ ಓದು

ದಾವಣಗೆರೆ
ಮೇ 2025

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಎಸ್ಸೆಸ್ಸೆಲ್ಸಿ ಫಲಿತಾಂಶದ ಚಿತ್ರವನ್ನು ನಿನ್ನ ಅಪ್ಪ ಮೊಬೈಲಿಗೆ ಕಳಿಸಿದ್ದರು. 625ಕ್ಕೆ 514, ಎ ಗ್ರೇಡ್. ಚಳ್ಳಕೆರೆ ಸೀಮೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಟ್ಯೂಷನ್ ಇಲ್ಲದೆ, ಎರಡು ಹಸುಗಳ ಕೆಲಸವನ್ನೂ ನೋಡಿಕೊಂಡು ಇಷ್ಟು ತೆಗೆದಿದ್ದೀಯ. ಮನಸ್ಸು ತುಂಬಿ ಬಂತು. ಅದರ ಹಿಂದೆಯೇ ನಿನ್ನ ಅಪ್ಪನ ಫೋನ್ ಬಂತು. ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಕೊಡಿಸಬೇಕು, ದಾವಣಗೆರೆಯಲ್ಲಿ ಕೋಚಿಂಗ್ ಸೇರಿಸಿಯೇ ನಡೆಸುವ ಕಾಲೇಜು ಯಾವುದಿದೆ ಎಂದು ಕೇಳಿದರು. ರಾತ್ರಿ ನಿನ್ನ ಸಂದೇಶ ಬಂತು: ‘ದೊಡ್ಡಮ್ಮ, ನನಗೆ ಕಾಮರ್ಸ್ ಇಷ್ಟ. ಆದರೆ ಇಷ್ಟು ಅಂಕ ಬಂದು ಕಾಮರ್ಸ್ ತೆಗೆದುಕೊಂಡರೆ ಅಂಕ ದಂಡ ಎನ್ನುತ್ತಾರೆ.’ ಫೋನಿನಲ್ಲಿ ಇಬ್ಬರಿಗೂ ಪೂರ್ತಿ ಹೇಳಲು ಆಗಲಿಲ್ಲ, ಅದಕ್ಕೆ ಈ ಕಾಗದ. ನೀನು ಓದಿದ ಮೇಲೆ ಅಪ್ಪ ಅಮ್ಮನಿಗೂ ಓದಿ ಹೇಳು.

ಪದವಿಪೂರ್ವ ಕಾಲೇಜಿನ ಕಚೇರಿಯಲ್ಲಿ ಕೆಲಸ ಮಾಡಿದವಳು ನಾನು. ಪ್ರತಿ ಜೂನ್‌ನಲ್ಲೂ ಒಂದು ಸಂಗತಿ ಕಾಣುತ್ತಿತ್ತು. ಅರ್ಜಿಯ ಎಲ್ಲ ಕಾಲಂಗಳೂ ತುಂಬಿರುತ್ತವೆ, ‘ಐಚ್ಛಿಕ ವಿಷಯಗಳು’ ಎಂಬ ಕಡೆ ಮಾತ್ರ ಖಾಲಿ. ಹುಡುಗಿ ತಂದೆಯ ಮುಖ ನೋಡುತ್ತಾಳೆ, ತಂದೆ ಕೌಂಟರಿನ ಈಚೆಗಿರುವ ನನ್ನ ಮುಖ ನೋಡುತ್ತಾರೆ. ‘ಯಾವುದು ಒಳ್ಳೆಯದು ಮೇಡಂ?’ ಹಿಂದೆ ಐವತ್ತು ಜನರ ಸಾಲು ನಿಂತಿರುತ್ತದೆ. ಎರಡು ವರ್ಷದ ಓದನ್ನು, ಅದರ ಮುಂದಿನದನ್ನು ಆ ಎರಡು ನಿಮಿಷದಲ್ಲಿ ತೀರ್ಮಾನಿಸಿ ಬರೆದುಬಿಡುತ್ತಾರೆ. ಅವರಲ್ಲಿ ಕೆಲವರು ಮೊದಲ ಕಿರುಪರೀಕ್ಷೆ ಮುಗಿದೊಡನೆ ಟಿಸಿ ಕೇಳಿಕೊಂಡು ಬರುತ್ತಿದ್ದರು. ನೀನು ಆ ಕಾಲಂ ಅನ್ನು ಮನೆಯಲ್ಲೇ, ಯೋಚಿಸಿ, ನಿನ್ನ ಕೈಯಿಂದಲೇ ತುಂಬಿ ತರಬೇಕು ಎಂಬುದು ನನ್ನ ಆಸೆ.

ಮೊದಲು ಅಂಕಪಟ್ಟಿಯನ್ನು ಸರಿಯಾಗಿ ಓದು. 514 ಎಂಬ ಮೊತ್ತವನ್ನು ಮರೆತು ಆರು ಸಾಲುಗಳನ್ನು ಬೇರೆ ಬೇರೆಯಾಗಿ ನೋಡು. ಕನ್ನಡ 121, ಇಂಗ್ಲಿಷ್ 68, ಹಿಂದಿ 88, ಗಣಿತ 71, ವಿಜ್ಞಾನ 74, ಸಮಾಜ 92. ಇದರೊಳಗೆ ಆಂತರಿಕ ಮೌಲ್ಯಮಾಪನದ ಅಂಕಗಳಿವೆ. ಪ್ರಥಮ ಭಾಷೆಗೆ 25, ಉಳಿದ ಐದಕ್ಕೆ ತಲಾ 20. ನಿನಗೆ ಶಾಲೆಯಲ್ಲಿ ಅವು ಪೂರ್ತಿಯಾಗಿ ಬಂದಿವೆ, ಸಂತೋಷ. ಅವನ್ನು ತೆಗೆದು ನೋಡಿದರೆ ವಿಜ್ಞಾನದಲ್ಲಿ ನೀನು ಪರೀಕ್ಷೆಯಲ್ಲಿ ಬರೆದು ಪಡೆದದ್ದು 80ಕ್ಕೆ 54, ಗಣಿತದಲ್ಲಿ 80ಕ್ಕೆ 51, ಇಂಗ್ಲಿಷ್‌ನಲ್ಲಿ 48. ಸಮಾಜದಲ್ಲಿ 72. ಮೊತ್ತವನ್ನು ಮೇಲಕ್ಕೆ ಎತ್ತಿರುವುದು ಕನ್ನಡ, ಹಿಂದಿ ಮತ್ತು ಸಮಾಜ. ಪಿಸಿಎಂಬಿಗೆ ಬೇಕಾದ ಎರಡು ವಿಷಯಗಳಲ್ಲಿ ನೀನು ಮಧ್ಯಮ. ಇದು ನಿನ್ನನ್ನು ಹೀಯಾಳಿಸುವ ಮಾತಲ್ಲ. ನಿನಗೆ ಈ ಮಾತನ್ನು ಕಾಲೇಜಿನ ಪ್ರಚಾರದ ಕರಪತ್ರ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ.

ವಿಜ್ಞಾನದ ಉತ್ತರಪತ್ರಿಕೆಯ ಮೌಲ್ಯಮಾಪನ ಸರಿಯಾಗಿಲ್ಲ ಎಂಬ ಅನುಮಾನ ನಿನಗಿದ್ದರೆ ಪರೀಕ್ಷಾ ಮಂಡಳಿಯಿಂದ ಸ್ಕ್ಯಾನ್ ಪ್ರತಿ ತರಿಸಿ ನೋಡು. ಅದನ್ನು ಪಡೆದ ಮೇಲೆಯೇ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬೇಕು. ಈ ತಿಂಗಳ ಕೊನೆಗೆ ಪರೀಕ್ಷೆ-2 ಇದೆ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಎರಡರಲ್ಲಿ ಹೆಚ್ಚು ಬಂದದ್ದು ಉಳಿಯುತ್ತದೆ. ಆದರೆ ನಾಲ್ಕೈದು ಅಂಕಕ್ಕಾಗಿ ಈ ರಜೆಯನ್ನು ಕಳೆಯಬೇಡ. ನಿನಗೆ ಈ ದಿನಗಳಲ್ಲಿ ಇಂಗ್ಲಿಷ್ ಓದುವ ಕೆಲಸವಿದೆ, ಅದನ್ನು ಮುಂದೆ ಹೇಳುತ್ತೇನೆ.

ನಿನ್ನ ಅಪ್ಪನ ಮಾತಿಗೆ ಬರುತ್ತೇನೆ. ‘ಸೈನ್ಸ್ ಓದಿದರೆ ಯಾವ ಕಡೆಗಾದರೂ ಹೋಗಬಹುದು, ಕಾಮರ್ಸ್ ಓದಿದರೆ ತಿರುಗಿ ಬರಲು ಆಗುವುದಿಲ್ಲ’ ಎಂದರು. ನಿಜ. ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ ಮತ್ತು ಗಣಿತ ಬೇಕೇ ಬೇಕು, ವೈದ್ಯಕೀಯಕ್ಕೆ ಜೀವಶಾಸ್ತ್ರ ಬೇಕು, ಹಿರಿಯೂರಿನ ತೋಟಗಾರಿಕೆ ಕಾಲೇಜಿಗೂ ವಿಜ್ಞಾನವೇ ಬೇಕು. ವಿಜ್ಞಾನ ಓದಿದವಳು ಬಿ.ಕಾಂ.ಗೆ ಸೇರಬಹುದು, ವಾಣಿಜ್ಯ ಓದಿದವಳು ಎಂಬಿಬಿಎಸ್‌ಗೆ ಸೇರಲಾರಳು. ಇಷ್ಟನ್ನು ಒಪ್ಪಿಕೊಂಡೇ ಮುಂದಿನದನ್ನು ಹೇಳುತ್ತೇನೆ. ಹಾಗೆ ಹೋಗಬಹುದಾದ ದಾರಿಗಳೆಲ್ಲ ಅಂಕವಿದ್ದವರಿಗೆ. ಎಂಜಿನಿಯರಿಂಗಿಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯ ರ್‍ಯಾಂಕಿನಲ್ಲಿ ಅರ್ಧ ಪಾಲು ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಗಳದ್ದು, ಉಳಿದರ್ಧ ಸಿಇಟಿಯದ್ದು. ವೈದ್ಯಕೀಯದ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ ಪಿಯುಸಿ ಅಂಕ ರ್‍ಯಾಂಕಿಗೆ ಸೇರುವುದಿಲ್ಲ, 720ಕ್ಕೆ ಅಲ್ಲಿ ಎಷ್ಟು ಪಡೆದೆ ಎಂಬುದೊಂದೇ ಲೆಕ್ಕ, ದೇಶದ ಲಕ್ಷಾಂತರ ಮಕ್ಕಳ ಜೊತೆ ಕೂತು ಬರೆಯಬೇಕು. ಮನಸ್ಸಿಲ್ಲದೆ ಓದಿ ಎರಡು ವರ್ಷದ ಕೊನೆಗೆ ಶೇ 50ರ ಆಸುಪಾಸಿನಲ್ಲಿ ಪಾಸಾದ ಮಕ್ಕಳು ಬಿ.ಕಾಂ. ಅರ್ಜಿ ಹಿಡಿದು ಬಂದದ್ದನ್ನು ನಾನು ಎಷ್ಟೋ ನೋಡಿದ್ದೇನೆ. ಅವರು ಬಿ.ಕಾಂ.ಗೆ ಬಂದದ್ದು ತಪ್ಪಲ್ಲ. ಮೊದಲೇ ಲೆಕ್ಕಶಾಸ್ತ್ರ ಕಲಿತು ಬರಬಹುದಿತ್ತು, ತಲೆಯೆತ್ತಿಕೊಂಡು ಬರಬಹುದಿತ್ತು ಎಂಬುದೇ ನನ್ನ ಸಂಕಟ.

ಇನ್ನೊಂದು ಮಾತು ನಿನ್ನ ಅಪ್ಪನಿಗೆ. ಶೇಂಗಾ ಹೇಗೆ ಬರುತ್ತದೋ ಗೊತ್ತಿಲ್ಲದ ವರ್ಷದಲ್ಲಿ ಕೋಚಿಂಗಿಗೆ, ಹಾಸ್ಟೆಲಿಗೆ ಸಾಲ ಮಾಡುವ ಯೋಚನೆಯಲ್ಲಿದ್ದಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಬೇಡ. ಮಗಳು ಡಾಕ್ಟರಾಗಬೇಕೆಂಬ ಆಸೆ ದೊಡ್ಡದು, ಅದಕ್ಕೆ ನಾನು ಕೈಮುಗಿಯುತ್ತೇನೆ. ಆದರೆ ಆ ಆಸೆ ಮಗಳಲ್ಲೂ ಇರಬೇಕಲ್ಲ.

ನಿನ್ನಲ್ಲಿ ಏನಿದೆ ಎಂಬುದನ್ನು ಯುಗಾದಿಗೆ ಬಂದಾಗ ನೋಡಿದೆ. ಡೈರಿಗೆ ಹಾಲು ಹಾಕುವ ಲೆಕ್ಕವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ. ಬೆಳಗ್ಗೆ ಇಷ್ಟು ಲೀಟರ್, ಸಂಜೆ ಇಷ್ಟು, ಫ್ಯಾಟ್ ಇಷ್ಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಇಷ್ಟು, ದರ, ಮೊತ್ತ. ಪಕ್ಕದ ಪುಟದಲ್ಲಿ ಹಿಂಡಿ, ಬೂಸಾ, ಒಣಮೇವು. ಹದಿನೈದು ದಿನದ ಬಟವಾಡೆ ಬಂದಾಗ ಎರಡನ್ನೂ ತಾಳೆ ನೋಡಿ, ಫ್ಯಾಟ್ ಕಡಿಮೆ ಬಂದ ದಿನಗಳ ಕೆಳಗೆ ಕೆಂಪು ಗೆರೆ ಎಳೆದು, ಆ ದಿನ ಹಸಿಮೇವು ಎಷ್ಟು ಹಾಕಿದ್ದಿರಿ ಎಂದು ಪಕ್ಕದಲ್ಲಿ ಗುರುತು ಹಾಕಿದ್ದೆ. ಇದನ್ನು ಯಾರೂ ನಿನಗೆ ಹೇಳಿಕೊಟ್ಟಿರಲಿಲ್ಲ. ನನ್ನ ಕಚೇರಿಯಲ್ಲಿ ಪದವಿ ಮುಗಿಸಿ ಬಂದವರಿಗೂ ಈ ಶಿಸ್ತು ಇರಲಿಲ್ಲ ಪುಟ್ಟಿ. ಅಂಕಿಗಳನ್ನು ಬರೆಯುವವರು ಬಹಳ, ಅವು ಏಕೆ ಹಾಗಿವೆ ಎಂದು ಕೇಳುವವರು ಕಡಿಮೆ. ಗಣಿತದ ಪರೀಕ್ಷೆಯಲ್ಲಿ 51 ಬಂದವಳಲ್ಲಿ ಈ ಗುಣ ಇದೆ ಎಂಬುದನ್ನು ಅಂಕಪಟ್ಟಿ ಹೇಳಲಿಲ್ಲ, ಆ ನೋಟ್‌ಬುಕ್ ಹೇಳಿತು.

ಆದ್ದರಿಂದ ನನ್ನ ಮನಸ್ಸು ವಾಣಿಜ್ಯದ ಎಸ್‌ಇಬಿಎ ಕಡೆಗಿದೆ. ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ನಾಲ್ಕೂ ನೀನು ಈಗಾಗಲೇ ಕೊಟ್ಟಿಗೆಯಲ್ಲಿ ಮಾಡುತ್ತಿರುವ ಕೆಲಸದ ವಿಸ್ತಾರವೇ. ಇದನ್ನು ಓದಿ ಬಿ.ಕಾಂ. ಮಾಡಬಹುದು, ಪಿಯುಸಿ ಆದ ಮೇಲೆ ಸಿಎ (ಚಾರ್ಟರ್ಡ್ ಅಕೌಂಟೆಂಟ್) ಓದಿನ ಮೊದಲ ಪರೀಕ್ಷೆಯಾದ ಫೌಂಡೇಷನ್ ಬರೆಯಬಹುದು, ಬ್ಯಾಂಕು ಮತ್ತು ಸಹಕಾರ ಇಲಾಖೆಯ ಪರೀಕ್ಷೆಗಳಿಗೆ ಪದವಿಯ ನಂತರ ಕೂರಬಹುದು. ಆದರೆ ಒಂದು ಎಚ್ಚರಿಕೆ. ಮುಂದೆ ಸಂಖ್ಯಾಶಾಸ್ತ್ರವನ್ನೇ ಬಿ.ಎಸ್ಸಿ.ಯಲ್ಲಿ ಓದುವ ಮನಸ್ಸಾದರೆ ಸಾಮಾನ್ಯವಾಗಿ ಪಿಯುಸಿಯ ಗಣಿತ ಕೇಳುತ್ತಾರೆ. ಆ ಆಸೆ ಈಗಲೇ ಬಲವಾಗಿದ್ದರೆ ಜೀವಶಾಸ್ತ್ರದ ಬದಲು ಸಂಖ್ಯಾಶಾಸ್ತ್ರ ಸೇರಿದ ಪಿಸಿಎಂಎಸ್ ಇರುವ ಕಾಲೇಜನ್ನು ಹುಡುಕಬೇಕಾಗುತ್ತದೆ, ಆಗ ಭೌತಶಾಸ್ತ್ರವನ್ನೂ ಓದಲೇಬೇಕು. ಈ ಒಂದು ಪ್ರಶ್ನೆಗೆ ನೀನೇ ಉತ್ತರ ಹೇಳಬೇಕು, ನನ್ನಿಂದ ಆಗುವುದಿಲ್ಲ. ನಿಮ್ಮ ಊರಿನಲ್ಲಿ ಪ್ರಥಮ ಪಿಯುಸಿ ಮುಗಿಸಿದ ಯಾರ ಬಳಿಯಾದರೂ ಭೌತಶಾಸ್ತ್ರದ ಪುಸ್ತಕವನ್ನೂ ಲೆಕ್ಕಶಾಸ್ತ್ರದ ಪುಸ್ತಕವನ್ನೂ ಇಸಿದುಕೊಂಡು ತಲಾ ಒಂದು ಅಧ್ಯಾಯವನ್ನು ಕೂತು ಓದು. ಅರ್ಥವಾಯಿತೇ ಇಲ್ಲವೇ ಎಂಬುದು ಮುಖ್ಯವಲ್ಲ, ಅರ್ಥವಾಗದಿದ್ದಾಗ ಮತ್ತೆ ಮೊದಲಿನಿಂದ ಓದಬೇಕೆನಿಸಿತೇ ಎಂಬುದನ್ನು ನೋಡಿಕೋ.

ಕಲಾ ವಿಭಾಗವನ್ನು ಯಾರಾದರೂ ಕೀಳಾಗಿ ಆಡಿದರೆ ಕಿವಿಗೊಡಬೇಡ. ಸಮಾಜದಲ್ಲಿ 92 ತೆಗೆದವಳು ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಓದಿ ಕಾನೂನಿಗೋ ಶಿಕ್ಷಕ ವೃತ್ತಿಗೋ ಹೋಗುವುದು ಗೌರವದ ದಾರಿ. ಪಾಲಿಟೆಕ್ನಿಕ್ ಚಿತ್ರದುರ್ಗದಲ್ಲೂ ಇದೆ, ಇಲ್ಲೂ ಇದೆ. ಮೂರು ವರ್ಷದ ಡಿಪ್ಲೊಮಾ ಆದವರು ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಸೇರಬಹುದು. ನಿನಗೆ ಅತ್ತ ಒಲವಿಲ್ಲವೆಂದು ಗೊತ್ತು, ನಿನ್ನ ತಮ್ಮನಿಗೆ ನೆನಪಿರಲಿ ಎಂದು ಬರೆದೆ.

ಭಾಷೆಯ ಕಾಲಂನಲ್ಲಿ ಕನ್ನಡ ಎಂದೇ ಬರೆ. ಸಂಸ್ಕೃತ ತೆಗೆದುಕೊಂಡರೆ ನೂರಕ್ಕೆ ನೂರು ಬರುತ್ತದೆ ಎಂದು ಅರ್ಜಿಯ ಸಾಲಿನಲ್ಲಿ ನಿಂತಾಗಲೇ ಯಾರೋ ಹೇಳುತ್ತಾರೆ. ಸಂಸ್ಕೃತದ ಮೇಲೆ ಪ್ರೀತಿ ಇದ್ದು ಓದುವವರ ವಿಷಯ ಬೇರೆ. ನೀನು 125ಕ್ಕೆ 121 ತೆಗೆದ ಭಾಷೆಯನ್ನು ಅಂಕದ ಲೆಕ್ಕದಲ್ಲೂ ಬಿಡಬೇಕಾಗಿಲ್ಲ. ಓದಿನ ಲೆಕ್ಕದಲ್ಲಂತೂ ಬಿಡಬಾರದು. ಉಳಿದ ವಿಷಯಗಳೆಲ್ಲ ಹೊಸದಾಗಿ ಕಂಡು ದಿಗಿಲಾಗುವ ಆ ಮೊದಲ ತಿಂಗಳುಗಳಲ್ಲಿ ಒಂದು ತರಗತಿಯಲ್ಲಾದರೂ ನೀನು ಧೈರ್ಯವಾಗಿ ಕೈಯೆತ್ತಿ ಉತ್ತರ ಹೇಳುವಂತಿರಬೇಕು.

ದಿಗಿಲು ಎಂದೆ, ಅದು ಇಂಗ್ಲಿಷ್‌ನದು. ನಿನ್ನಂಥ ಮಕ್ಕಳು ಪ್ರಥಮ ಪಿಯುಸಿಯಲ್ಲಿ ಎಡವುವುದು ವಿಷಯದಲ್ಲಿ ಅಲ್ಲ, ಅದನ್ನು ಹೇಳುವ ಭಾಷೆಯಲ್ಲಿ. ಜಮೆ, ಖರ್ಚು, ಬಂಡವಾಳ, ಸವಕಳಿ ಎಂದರೆ ನಿನಗೆ ಕೂಡಲೇ ಗೊತ್ತಾಗುತ್ತದೆ. ಅದನ್ನೇ ಕ್ರೆಡಿಟ್, ಡೆಬಿಟ್, ಕ್ಯಾಪಿಟಲ್, ಡಿಪ್ರಿಸಿಯೇಷನ್ ಎಂದು ಬೋರ್ಡಿನ ಮೇಲೆ ಬರೆದಾಗ ಯಾವುದೋ ಗೊತ್ತಿಲ್ಲದ ಸಂಗತಿ ಎಂದು ಹೆದರಬೇಡ. ವಾಣಿಜ್ಯದಲ್ಲಿ ಕನ್ನಡ ಮಾಧ್ಯಮ ಇರುವ ಸರ್ಕಾರಿ ಕಾಲೇಜುಗಳಿವೆ, ಅಲ್ಲಿ ಸೇರಿದರೂ ಇಂಗ್ಲಿಷ್ ಪದಗಳನ್ನು ಜೊತೆಯಲ್ಲೇ ಕಲಿ, ಸಿಎ ಕಡೆ ಹೋಗುವುದಾದರೆ ಅವು ಬೇಕಾಗುತ್ತವೆ. ಈ ರಜೆಯಲ್ಲಿ ದಿನಕ್ಕೆ ಒಂದು ಪುಟ ಇಂಗ್ಲಿಷನ್ನು ಗಟ್ಟಿಯಾಗಿ ಓದಿ, ಗೊತ್ತಿಲ್ಲದ ಪದಗಳನ್ನು ಬರೆದಿಟ್ಟುಕೋ. ಹಾಲಿನ ಲೆಕ್ಕದ ಪುಸ್ತಕವನ್ನೇ ಒಂದು ವಾರ ಇಂಗ್ಲಿಷಿನಲ್ಲಿ ಬರೆದು ನೋಡು.

ಸೇರಿದ ಮೇಲಿನ ನಿಯಮಗಳನ್ನೂ ತಿಳಿದುಕೋ. ಎರಡು ಭಾಷೆ, ನಾಲ್ಕು ಐಚ್ಛಿಕ, ಒಟ್ಟು 600 ಅಂಕ. 2025ರ ಪರೀಕ್ಷೆಗಳಲ್ಲಿ ಪಾಸಾಗಲು ಶೇ 35 ಬೇಕಿತ್ತು. ಪ್ರಯೋಗಾಲಯವಿರುವ ವಿಷಯಗಳಿಗೆ ಲಿಖಿತ 70, ಪ್ರಾಯೋಗಿಕ 30. ಉಳಿದವುಗಳಿಗೆ ಲಿಖಿತ 80, ಆಂತರಿಕ 20. 2025ರಲ್ಲಿ ಪ್ರಾಯೋಗಿಕದಲ್ಲಿ 30ಕ್ಕೆ 30 ಬಂದರೂ ಲಿಖಿತದಲ್ಲಿ 70ಕ್ಕೆ 21 ಬಾರದಿದ್ದರೆ ಆ ವಿಷಯದಲ್ಲಿ ಫೇಲ್ ಆಗುತ್ತಿತ್ತು. ಶೇ 85 ದಾಟಿದರೆ ಡಿಸ್ಟಿಂಕ್ಷನ್. ದ್ವಿತೀಯ ಪಿಯುಸಿಗೂ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಇದೆ. ಅದು ಕಷ್ಟಕಾಲದಲ್ಲಿ ನೆರವಿಗೆ ಎಂದಿರಲಿ, ಮೊದಲನೆಯದನ್ನು ಹಗುರವಾಗಿ ಬರೆಯಲು ನೆಪವಾಗದಿರಲಿ. ಪರೀಕ್ಷೆ-2ರ ಹೊತ್ತಿಗೆ ಪದವಿ ಕಾಲೇಜುಗಳ ಪ್ರವೇಶ ನಡೆಯುತ್ತಿರುತ್ತದೆ. ಹಾಜರಾತಿ ಶೇ 75 ಇರಲೇಬೇಕು. ಶೇಂಗಾ ಕೀಳುವ ದಿನಗಳಲ್ಲಿ ಹತ್ತು ಹತ್ತು ದಿನ ಮನೆಯಲ್ಲಿ ಉಳಿಸಿಕೊಂಡರೆ ಅದು ಎಲ್ಲಿ ಹೋಗಿ ಮುಟ್ಟುತ್ತದೆ ಎಂಬುದನ್ನು ಅಮ್ಮನಿಗೆ ನೀನೇ ಲೆಕ್ಕ ಹಾಕಿ ತೋರಿಸು.

ಪ್ರಥಮ ಪಿಯುಸಿಯ ಅಂಕ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ ಎಂದು ಗೆಳತಿಯರು ಹೇಳುತ್ತಾರೆ. ಆದರೆ ಲೆಕ್ಕಶಾಸ್ತ್ರದಲ್ಲಿ ಮೊದಲ ವರ್ಷದ ದಿನವಹಿ, ಖಾತೆ, ತಾಳೆಪಟ್ಟಿ ಕೈಗೆ ಬಾರದಿದ್ದರೆ ಎರಡನೇ ವರ್ಷದ ಪಾಲುದಾರಿಕೆ ಲೆಕ್ಕಗಳ ಒಂದು ಸಾಲೂ ಮುಂದಕ್ಕೆ ಹೋಗದು.

ಕೊನೆಗೆ ಕಾಗದಪತ್ರ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಜೀವಮಾನವಿಡೀ ನಿನ್ನ ಜನ್ಮದಿನಾಂಕದ ದಾಖಲೆ. ನಿನ್ನ ಹೆಸರು, ತಂದೆ ತಾಯಿಯ ಹೆಸರು, ಇನಿಷಿಯಲ್, ದಿನಾಂಕ ಇವನ್ನು ಆಧಾರ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸು. ತಪ್ಪಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ಈಗಲೇ ತಿದ್ದಿಸು. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರಗಳನ್ನು ಬಿಇಒ ಮೇಲುಸಹಿಯೊಂದಿಗೆ ಮಾಡಿಸಿಡು. ಸಿಇಟಿಯಲ್ಲೂ ಸರ್ಕಾರಿ ನೇಮಕಾತಿಯಲ್ಲೂ ಅವಕ್ಕೆ ಮೀಸಲು ಪಾಲಿದೆ. ನಿನ್ನ ಪ್ರಾಥಮಿಕ ಶಾಲೆ ಬೇರೆ, ಪ್ರೌಢಶಾಲೆ ಬೇರೆ, ಎರಡೂ ಕಡೆಯಿಂದ ಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅಪ್ಪ ನಾಡಕಚೇರಿಗೆ ಈ ವಾರವೇ ಹೋಗಲಿ. ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಕ್ಕೂ ವಿದ್ಯಾರ್ಥಿವೇತನಕ್ಕೂ ಅವನ್ನೇ ಕೇಳುತ್ತಾರೆ.

ಕಾಲೇಜು ಚಿತ್ರದುರ್ಗದಲ್ಲಾದರೆ ಬಸ್ಸಿನ ಖರ್ಚು ಇಲ್ಲ, ಶಕ್ತಿ ಯೋಜನೆ ಇದೆ, ಆದರೆ ದಿನಾ ಓಡಾಡುವ ದಣಿವನ್ನೂ ಲೆಕ್ಕಕ್ಕೆ ಹಿಡಿ. ದಾವಣಗೆರೆಯಾದರೆ ನನ್ನ ಮನೆಯಿದೆ, ಹಾಸ್ಟೆಲ್ ಹುಡುಕಬೇಕಾಗಿಲ್ಲ. ಅರ್ಜಿ ಹಾಕುವ ಮೊದಲು ಅಪ್ಪ ಅಮ್ಮನನ್ನು ಕರೆದುಕೊಂಡು ಒಂದು ಭಾನುವಾರ ಇಲ್ಲಿಗೆ ಬಾ. ಅಂಕಪಟ್ಟಿಯ ಜೊತೆಗೆ ಆ ನೋಟ್‌ಬುಕ್ಕನ್ನೂ ತಾ, ನಿನ್ನ ಅಪ್ಪನಿಗೆ ಪುಟ ತಿರುವಿ ತೋರಿಸುವುದಿದೆ.

ಇಂತಿ,
ನಿನ್ನ ದೊಡ್ಡಮ್ಮ